ದೂರ ಶಿಕ್ಷಣದ ಪದವಿ ಗಣಿತ: ಅಸೈನ್‌ಮೆಂಟ್ ಹಾಗೂ ಸಲ್ಲಿಕೆಯ ಕೊನೆಯ ದಿನಾಂಕ ಕುರಿತು ಅಭ್ಯರ್ಥಿಗಳಿಗೆ ಮಾಹಿತಿ

ಉದ್ದೇಶ

ಉದ್ಯೋಗದಲ್ಲಿದ್ದುಕೊಂಡು ಅಥವಾ ಮನೆಯ ಹೊಣೆ ಹೊತ್ತುಕೊಂಡು ಪದವಿ ಪಡೆಯಲು ಬಯಸುವ ಅನೇಕರು ದೂರ ಶಿಕ್ಷಣವನ್ನು ಆಯ್ದುಕೊಳ್ಳುತ್ತಾರೆ. ಇವರಲ್ಲಿ ಗಣಿತ ವಿಷಯವನ್ನು ತೆಗೆದುಕೊಂಡ ಕೆಲವರು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಗಳಿಸಿಯೂ ಆ ವಿಷಯದಲ್ಲಿ ಉತ್ತೀರ್ಣರಾಗದೆ ಉಳಿಯುವುದುಂಟು. ಅಸೈನ್‌ಮೆಂಟ್ ಸಲ್ಲಿಸದಿರುವುದು, ತಡವಾಗಿ ಸಲ್ಲಿಸಿರುವುದು ಅಥವಾ ಹಿಂದಿನ ವರ್ಷದ ಪ್ರಶ್ನೆಗಳಿಗೆ ಉತ್ತರ ಬರೆದಿರುವುದು ಇದಕ್ಕೆ ಕಾರಣವಾಗಬಹುದು. ಈ ಮೂರೂ ಅಭ್ಯರ್ಥಿಯೇ ತಪ್ಪಿಸಿಕೊಳ್ಳಬಹುದಾದ ತೊಂದರೆಗಳಾಗಿವೆ.

ಈ ಪುಟದಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ (ಇಗ್ನೋ) ಪದವಿ ಹಂತದ ಆರಂಭದ ಗಣಿತ ವಿಷಯವಾದ ಕಲನಶಾಸ್ತ್ರವನ್ನು (ಕ್ಯಾಲ್ಕುಲಸ್, ಸಂಕೇತ ಬಿಎಂಟಿಸಿ-131) ಉದಾಹರಣೆಯಾಗಿ ತೆಗೆದುಕೊಂಡು ಅಸೈನ್‌ಮೆಂಟ್ ವ್ಯವಸ್ಥೆಯನ್ನು ವಿವರಿಸಲಾಗಿದೆ. ಈ ವಿಶ್ವವಿದ್ಯಾನಿಲಯವು ಸಂಸತ್ತಿನ ಅಧಿನಿಯಮದ ಮೂಲಕ 1985ರಲ್ಲಿ ಸ್ಥಾಪನೆಯಾಗಿದ್ದು, ಕರ್ನಾಟಕದಲ್ಲಿ ಬೆಂಗಳೂರು ಮತ್ತು ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರಗಳನ್ನು ಹೊಂದಿದೆ. ಇತರ ವಿಶ್ವವಿದ್ಯಾನಿಲಯಗಳ ಅಭ್ಯರ್ಥಿಗಳು ತಮ್ಮ ತಮ್ಮ ವಿಶ್ವವಿದ್ಯಾನಿಲಯದ ನಿಯಮಗಳನ್ನು ನೋಡಿಕೊಳ್ಳತಕ್ಕದ್ದು.

1. ಅಸೈನ್‌ಮೆಂಟ್ ಎಂದರೇನು?

ಕಾಲೇಜಿಗೆ ಹೋಗುವ ವಿದ್ಯಾರ್ಥಿಯು ಪ್ರತಿದಿನ ಅಧ್ಯಾಪಕರ ಮುಂದೆ ಕುಳಿತಿರುತ್ತಾನೆ. ಅವನು ಲೆಕ್ಕ ತಪ್ಪಿದರೆ ಅಲ್ಲಿಯೇ ತಿದ್ದಲಾಗುತ್ತದೆ. ದೂರ ಶಿಕ್ಷಣದ ವಿದ್ಯಾರ್ಥಿಗೆ ಈ ಅನುಕೂಲವಿಲ್ಲ. ಅದರ ಬದಲಾಗಿ ವಿಶ್ವವಿದ್ಯಾನಿಲಯವು ಒಂದು ಪ್ರಶ್ನಾವಳಿಯನ್ನು ನೀಡುತ್ತದೆ. ವಿದ್ಯಾರ್ಥಿಯು ಪಾಠಗಳನ್ನು ಓದಿ, ಮನೆಯಲ್ಲಿಯೇ ಉತ್ತರಗಳನ್ನು ಸ್ವಹಸ್ತದಿಂದ ಬರೆದು, ತನಗೆ ಗೊತ್ತುಪಡಿಸಿದ ಅಧ್ಯಯನ ಕೇಂದ್ರಕ್ಕೆ ಸಲ್ಲಿಸಬೇಕು. ಅಲ್ಲಿನ ಮೌಲ್ಯಮಾಪಕರು ಉತ್ತರಗಳನ್ನು ತಿದ್ದಿ, ಅಂಕ ನೀಡಿ, ತಮ್ಮ ಅಭಿಪ್ರಾಯವನ್ನೂ ಬರೆಯುತ್ತಾರೆ. ಆದುದರಿಂದಲೇ ಇದನ್ನು ಬೋಧಕರಿಂದ ಮೌಲ್ಯಮಾಪನಗೊಳ್ಳುವ ಅಸೈನ್‌ಮೆಂಟ್ ಎಂದು ಕರೆಯಲಾಗುತ್ತದೆ.

ಕಲನಶಾಸ್ತ್ರ ವಿಷಯಕ್ಕೆ ಇಂತಹ ಒಂದು ಅಸೈನ್‌ಮೆಂಟ್ ಇರುತ್ತದೆ. ಅದರ ಗರಿಷ್ಠ ಅಂಕ 100.

2. ಅಂಕಗಳ ಲೆಕ್ಕ

ವಿಷಯದ ಒಟ್ಟು ಫಲಿತಾಂಶದಲ್ಲಿ ಅಸೈನ್‌ಮೆಂಟಿಗೆ ಶೇಕಡಾ 30 ಹಾಗೂ ಸತ್ರಾಂತ್ಯ ಪರೀಕ್ಷೆಗೆ ಶೇಕಡಾ 70ರಷ್ಟು ಪಾಲು ಇರುತ್ತದೆ. ಉತ್ತೀರ್ಣರಾಗಲು ಎರಡರಲ್ಲಿಯೂ ಪ್ರತ್ಯೇಕವಾಗಿ ಕನಿಷ್ಠ ಶೇಕಡಾ 35 ಅಂಕ ಪಡೆಯಬೇಕು. ಒಂದರಲ್ಲಿ ಹೆಚ್ಚು ಗಳಿಸಿದ ಅಂಕವು ಇನ್ನೊಂದರ ಕೊರತೆಯನ್ನು ತುಂಬುವುದಿಲ್ಲ. ಇದನ್ನು ಕೆಳಗಿನ ಕಾಲ್ಪನಿಕ ಉದಾಹರಣೆಗಳಿಂದ ತಿಳಿಯಬಹುದು.

ಅಭ್ಯರ್ಥಿ ಅ: ಅಸೈನ್‌ಮೆಂಟ್ 60, ಪರೀಕ್ಷೆ 40. ಪಾಲಿನ ಪ್ರಕಾರ 18 + 28 = 46. ಉತ್ತೀರ್ಣ.

ಅಭ್ಯರ್ಥಿ ಆ: ಅಸೈನ್‌ಮೆಂಟ್ 90, ಪರೀಕ್ಷೆ 30. ಪಾಲಿನ ಪ್ರಕಾರ 27 + 21 = 48. ಮೊತ್ತವು ಮೊದಲನೆಯವರಿಗಿಂತ ಹೆಚ್ಚಾಗಿದ್ದರೂ ಪರೀಕ್ಷೆಯಲ್ಲಿ 35 ಬಂದಿಲ್ಲವಾದ ಕಾರಣ ಉತ್ತೀರ್ಣರಲ್ಲ. ಪರೀಕ್ಷೆಯನ್ನು ಮಾತ್ರ ಪುನಃ ಬರೆಯಬೇಕು. ಅಸೈನ್‌ಮೆಂಟಿನ ಅಂಕ ಹಾಗೆಯೇ ಉಳಿಯುತ್ತದೆ.

ಅಭ್ಯರ್ಥಿ ಇ: ಪರೀಕ್ಷೆ 80, ಅಸೈನ್‌ಮೆಂಟಿನ ಅಂಕ ದಾಖಲಾಗಿಲ್ಲ. ಪರೀಕ್ಷೆಯ ಪಾಲು ಒಂದರಿಂದಲೇ 56 ಬಂದಿದೆ. ಆದರೂ ವಿಷಯವು ಪೂರ್ಣಗೊಂಡಿಲ್ಲ ಎಂದೇ ಅಂಕಪಟ್ಟಿಯಲ್ಲಿ ಉಳಿಯುತ್ತದೆ.

ಮೂವರ ಪೈಕಿ ಮೂರನೆಯವರೇ ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸಿದವರು ಎಂಬುದನ್ನು ಗಮನಿಸಬೇಕು. ಅಸೈನ್‌ಮೆಂಟ್ ಬಿಟ್ಟರೆ ಕೇವಲ 30 ಅಂಕ ಹೋಗುತ್ತದೆ, ಉಳಿದ 70ರಲ್ಲಿ ಸರಿದೂಗಿಸಿಕೊಳ್ಳಬಹುದು ಎಂಬ ತಿಳಿವಳಿಕೆ ಸರಿಯಲ್ಲ. ಅಸೈನ್‌ಮೆಂಟ್ ಬಿಟ್ಟರೆ ಹೋಗುವುದು ಇಡೀ ವಿಷಯ.

3. ದಿನಾಂಕಗಳು

ಅಭ್ಯರ್ಥಿಗಳು ಮೂರು ಬಗೆಯ ದಿನಾಂಕಗಳನ್ನು ಪ್ರತ್ಯೇಕವಾಗಿ ನೆನಪಿನಲ್ಲಿಡತಕ್ಕದ್ದು.

(ಅ) ಸಲ್ಲಿಕೆಯ ಕೊನೆಯ ದಿನಾಂಕ: ವಾಡಿಕೆಯಂತೆ ಜೂನ್ ತಿಂಗಳ ಪರೀಕ್ಷೆ ಬರೆಯುವವರಿಗೆ ಮಾರ್ಚ್ 31 ಹಾಗೂ ಡಿಸೆಂಬರ್ ತಿಂಗಳ ಪರೀಕ್ಷೆ ಬರೆಯುವವರಿಗೆ ಸೆಪ್ಟೆಂಬರ್ 30. ಆಯಾ ಅವಧಿಗೆ ವಿಶ್ವವಿದ್ಯಾನಿಲಯವು ಹೊರಡಿಸುವ ಪ್ರಕಟಣೆಯೇ ಅಂತಿಮವಾಗಿರುತ್ತದೆ.

(ಆ) ಪ್ರಶ್ನಾವಳಿಯ ಮಾನ್ಯತೆಯ ಅವಧಿ: ಕಲನಶಾಸ್ತ್ರದ ಪ್ರಶ್ನಾವಳಿಯ ಮುಖಪುಟದಲ್ಲಿಯೇ ಅದು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಮಾನ್ಯ ಎಂಬುದನ್ನು ಮುದ್ರಿಸಲಾಗಿರುತ್ತದೆ. ಸಾಮಾನ್ಯವಾಗಿ ಇದು ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಒಂದು ವರ್ಷ. ಈ ಅವಧಿ ಮುಗಿದ ನಂತರ ಆ ಪ್ರಶ್ನೆಗಳಿಗೆ ಬರೆದ ಉತ್ತರಗಳು ಸ್ವೀಕಾರಾರ್ಹವಲ್ಲ. ಮುಂದಿನ ವರ್ಷದ ಪ್ರಶ್ನಾವಳಿಯನ್ನು ಪಡೆದು ಹೊಸದಾಗಿ ಬರೆಯಬೇಕು.

(ಇ) ಪರೀಕ್ಷಾ ಅರ್ಜಿಯ ದಿನಾಂಕ: ಅಸೈನ್‌ಮೆಂಟ್ ಸಲ್ಲಿಸದೆ ಆ ವಿಷಯದ ಪರೀಕ್ಷಾ ಅರ್ಜಿ ತುಂಬುವಂತಿಲ್ಲ ಎಂದು ಪ್ರಶ್ನಾವಳಿಯಲ್ಲಿಯೇ ಸೂಚಿಸಲಾಗಿರುತ್ತದೆ. ಹೀಗಾಗಿ ಮೊದಲನೆಯ ದಿನಾಂಕ ತಪ್ಪಿದರೆ ಮೂರನೆಯದಕ್ಕೂ ಅಡಚಣೆಯಾಗುತ್ತದೆ.

ಕೊನೆಯ ದಿನಾಂಕವನ್ನು ವಿಶ್ವವಿದ್ಯಾನಿಲಯವು ವಿಸ್ತರಿಸಿರುವ ಸಂದರ್ಭಗಳಿವೆ. 2020ರಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣದಿಂದ ದಿನಾಂಕ ವಿಸ್ತರಿಸಿ, ಸ್ಕ್ಯಾನ್ ಮಾಡಿದ ಪ್ರತಿಯನ್ನು ಕಳುಹಿಸಲು ಸಹ ಅವಕಾಶ ನೀಡಲಾಗಿತ್ತು. ಆದರೆ ವಿಸ್ತರಣೆಯು ಅಭ್ಯರ್ಥಿಯ ಹಕ್ಕಲ್ಲ. ವಿಸ್ತರಣೆಯಾಗಬಹುದೆಂದು ಎಣಿಸಿ ಬರೆಯುವುದನ್ನು ಮುಂದೂಡುವುದು ಸೂಕ್ತವಲ್ಲ.

4. ದಿನಾಂಕ ತಪ್ಪಿದರೆ ಆಗುವ ಪರಿಣಾಮ

ಅಂತಿಮ ವರ್ಷಕ್ಕೆ ಬಂದಿರುವ, ಆದರೆ ಮೊದಲ ವರ್ಷದ ಕಲನಶಾಸ್ತ್ರದ ಅಸೈನ್‌ಮೆಂಟ್ ಬಾಕಿ ಉಳಿಸಿಕೊಂಡಿರುವ ಅಭ್ಯರ್ಥಿಯನ್ನು ಊಹಿಸಿಕೊಳ್ಳಬಹುದು. ಸೆಪ್ಟೆಂಬರ್ 30 ತಪ್ಪಿತು ಎಂದಾದರೆ ಡಿಸೆಂಬರ್ ಪರೀಕ್ಷೆಯ ಫಲಿತಾಂಶದೊಂದಿಗೆ ಪದವಿ ಪೂರ್ಣಗೊಳ್ಳುವುದಿಲ್ಲ. ಅಷ್ಟರಲ್ಲಿ ವರ್ಷ ಮುಗಿದು ಬರೆದಿಟ್ಟಿದ್ದ ಉತ್ತರಗಳೂ ನಿಷ್ಪ್ರಯೋಜಕವಾಗುತ್ತವೆ. ಹೊಸ ಪ್ರಶ್ನಾವಳಿಗೆ ಉತ್ತರ ಬರೆದು, ಮಾರ್ಚ್ 31ರೊಳಗೆ ಸಲ್ಲಿಸಿ, ಜೂನ್ ಪರೀಕ್ಷೆಯ ನಂತರದ ಫಲಿತಾಂಶಕ್ಕಾಗಿ ಕಾಯಬೇಕು. ಒಂದು ದಿನದ ತಡವು ಈ ರೀತಿ ಆರು ತಿಂಗಳ ತಡವಾಗಿ ಪರಿಣಮಿಸುತ್ತದೆ.

ಸರ್ಕಾರಿ ನೇಮಕಾತಿ ಅಧಿಸೂಚನೆಗಳಲ್ಲಿ, ಅರ್ಜಿ ಸಲ್ಲಿಸಲು ನಿಗದಿಪಡಿಸಿದ ಕೊನೆಯ ದಿನಾಂಕದೊಳಗೆ ವಿದ್ಯಾರ್ಹತೆ ಹೊಂದಿರಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಪದವಿಯ ಎಲ್ಲ ವಿಷಯಗಳಲ್ಲಿ ತೇರ್ಗಡೆಯಾಗಿ, ಒಂದು ಅಸೈನ್‌ಮೆಂಟ್ ಮಾತ್ರ ಬಾಕಿ ಇರುವವರು ಆ ದಿನದಂದು ಪದವೀಧರರಲ್ಲ. ವಯೋಮಿತಿಯ ಅಂಚಿನಲ್ಲಿರುವ ಅಭ್ಯರ್ಥಿಗೆ ಮುಂದಿನ ಅಧಿಸೂಚನೆಯ ವೇಳೆಗೆ ಅವಕಾಶವೇ ಇಲ್ಲದಿರಬಹುದು. ಬಿ.ಎಡ್. ಮತ್ತು ಸ್ನಾತಕೋತ್ತರ ಪ್ರವೇಶ ಬಯಸುವವರೂ ಇದನ್ನು ಗಮನದಲ್ಲಿಡುವುದು ಒಳಿತು.

5. ಗಣಿತದ ಅಸೈನ್‌ಮೆಂಟ್ ಕೊನೆಯ ವಾರದಲ್ಲಿ ಏಕೆ ಸಾಧ್ಯವಿಲ್ಲ?

ಇತರ ಕೆಲವು ವಿಷಯಗಳಲ್ಲಿ ಒಂದು ಅಧ್ಯಾಯವನ್ನು ಬಿಟ್ಟು ಇನ್ನೊಂದನ್ನು ಓದಿ ಉತ್ತರ ಬರೆಯಬಹುದು. ಕಲನಶಾಸ್ತ್ರದಲ್ಲಿ ಇದು ಕಷ್ಟ. ಫಲನ, ಅಂದರೆ ಫಂಕ್ಷನ್ ಎಂದರೇನು ಎಂಬುದು ತಿಳಿಯದೆ ಮಿತಿ (ಲಿಮಿಟ್) ಅರ್ಥವಾಗದು. ಮಿತಿ ತಿಳಿಯದೆ ಅವಕಲನ (ಡಿಫರೆನ್ಸಿಯೇಶನ್) ತಿಳಿಯದು. ಅವಕಲನ ಗೊತ್ತಿಲ್ಲದವರಿಗೆ ಅನುಕಲನ (ಇಂಟಿಗ್ರೇಶನ್) ದಕ್ಕದು.

ಉದಾಹರಣೆಗೆ, ಒಂದು ಸಮೀಕರಣವನ್ನು ನೀಡಿ ಅದರ ವಕ್ರರೇಖೆಯನ್ನು ಎಳೆಯಿರಿ ಎಂಬ ಪ್ರಶ್ನೆ ಬಂದಿದೆ ಎಂದು ಭಾವಿಸಬಹುದು. ರೇಖೆಯು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದನ್ನು ಮೊದಲು ನಿರ್ಧರಿಸಬೇಕು. ಅದು ಅಕ್ಷಗಳ ಎರಡೂ ಬದಿಗೆ ಸಮವಾಗಿದೆಯೇ ಎಂದು ನೋಡಬೇಕು. ಬಹು ದೂರದಲ್ಲಿ ಅದು ಯಾವ ಸರಳರೇಖೆಗೆ ಸಮೀಪವಾಗುತ್ತದೆ ಎಂಬುದನ್ನು ಮಿತಿಯಿಂದ ಕಂಡುಹಿಡಿಯಬೇಕು. ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಮೊದಲ ಅವಕಲನದಿಂದಲೂ, ಯಾವ ಕಡೆಗೆ ಬಾಗುತ್ತದೆ ಎಂಬುದನ್ನು ಎರಡನೆಯ ಅವಕಲನದಿಂದಲೂ ತಿಳಿಯಬೇಕು. ಒಂದು ಪ್ರಶ್ನೆಯ ಉತ್ತರಕ್ಕೆ ಹಲವು ಪಾಠಗಳು ಬೇಕಾಗುತ್ತವೆ. ಕೊನೆಯ ವಾರದಲ್ಲಿ ಪುಸ್ತಕ ತೆರೆದವರು ಬೇರೆಯವರ ಉತ್ತರವನ್ನು ನಕಲು ಮಾಡಲು ಮನಸ್ಸು ಮಾಡುವುದು ಈ ಕಾರಣದಿಂದಲೇ.

6. ಸಮಯದ ಯೋಜನೆ

ಕಲನಶಾಸ್ತ್ರ ವಿಷಯಕ್ಕೆ 6 ಕ್ರೆಡಿಟ್‌ಗಳಿವೆ. ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ಅಂದರೆ ಓದು, ಅಭ್ಯಾಸ ಹಾಗೂ ಅಸೈನ್‌ಮೆಂಟ್ ಸೇರಿ 180 ಗಂಟೆಗಳು ಬೇಕಾಗುತ್ತವೆ ಎಂದು ಲೆಕ್ಕ ಹಾಕಲಾಗಿದೆ.

ಉದ್ಯೋಗಸ್ಥರೊಬ್ಬರು ವಾರದ ಆರು ದಿನ ಒಂದೊಂದು ಗಂಟೆ, ಭಾನುವಾರ ಎರಡು ಗಂಟೆ ಓದುತ್ತಾರೆಂದರೆ ವಾರಕ್ಕೆ 8 ಗಂಟೆ ಆಗುತ್ತದೆ. 180 ಗಂಟೆಗಳಿಗೆ 22½, ಅಂದರೆ 23 ವಾರ ಬೇಕು. ಸೆಪ್ಟೆಂಬರ್ 30ರಿಂದ 23 ವಾರ ಹಿಂದಕ್ಕೆ ಎಣಿಸಿದರೆ ಏಪ್ರಿಲ್ ನಾಲ್ಕನೆಯ ವಾರ ಬರುತ್ತದೆ. ಮಾರ್ಚ್ 31ರಿಂದ ಎಣಿಸಿದರೆ ಹಿಂದಿನ ವರ್ಷದ ಅಕ್ಟೋಬರ್ ಕೊನೆಯ ಭಾಗ ಬರುತ್ತದೆ. ಕೆಳಗಿನ ವಿಂಗಡಣೆಯನ್ನು ಮಾರ್ಗದರ್ಶನಕ್ಕಾಗಿ ಮಾತ್ರ ನೀಡಲಾಗಿದೆ.

ವಾರ 1 ರಿಂದ 4: ಗಣ, ಸಂಖ್ಯೆ, ಫಲನ ಮುಂತಾದ ಮೂಲ ಪರಿಕಲ್ಪನೆಗಳು
ವಾರ 5 ರಿಂದ 8: ಮಿತಿ ಮತ್ತು ಅವಿಚ್ಛಿನ್ನತೆ
ವಾರ 9 ರಿಂದ 13: ಅವಕಲನ
ವಾರ 14 ರಿಂದ 17: ಅವಕಲನದ ಅನ್ವಯಗಳು, ವಕ್ರರೇಖೆ ಎಳೆಯುವುದು
ವಾರ 18 ರಿಂದ 21: ಅನುಕಲನ ಮತ್ತು ಅದರ ಅನ್ವಯಗಳು
ವಾರ 22: ಶುದ್ಧ ಪ್ರತಿ ಬರೆಯುವುದು
ವಾರ 23: ನಕಲು ಪ್ರತಿ ತೆಗೆದಿಟ್ಟುಕೊಂಡು ಸಲ್ಲಿಸುವುದು

ಮುಂದಿನ ವರ್ಷದ ಪ್ರಶ್ನಾವಳಿ ಇನ್ನೂ ಪ್ರಕಟವಾಗಿಲ್ಲದಿದ್ದರೂ ಪಾಠಗಳನ್ನು ಓದಲು ಅಡ್ಡಿಯಿಲ್ಲ. ಪ್ರಶ್ನಾವಳಿ ದೊರೆತ ಮೇಲೆ ಎಲ್ಲ ಪಾಠಗಳೂ ಮುಗಿಯಲೆಂದು ಕಾಯದೆ, ಒಂದು ಭಾಗ ಓದಿ ಮುಗಿದೊಡನೆ ಅದಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಕಚ್ಚಾ ಪುಸ್ತಕದಲ್ಲಿ ಬಿಡಿಸುತ್ತಾ ಹೋಗುವುದು ಅನುಕೂಲಕರ.

7. ಉತ್ತರ ಬರೆಯುವ ವಿಧಾನ

ಗಣಿತದಲ್ಲಿ ಕೊನೆಯ ಉತ್ತರಕ್ಕಿಂತ ಅದನ್ನು ತಲುಪಿದ ದಾರಿ ಮುಖ್ಯ. ಕಲನಶಾಸ್ತ್ರದ ಪ್ರಶ್ನಾವಳಿಗಳಲ್ಲಿ ಹೇಳಿಕೆಗಳನ್ನು ನೀಡಿ, ಸರಿಯೋ ತಪ್ಪೋ ಎಂಬುದನ್ನು ಕಾರಣಸಹಿತ ತಿಳಿಸಲು ಕೇಳುವುದು ರೂಢಿ. ಇಲ್ಲಿ ಕಾರಣ ಬರೆಯದ ಉತ್ತರವು ಉತ್ತರವೆನಿಸುವುದಿಲ್ಲ.

ಉದಾಹರಣೆಗೆ, "ಅವಿಚ್ಛಿನ್ನವಾದ ಪ್ರತಿಯೊಂದು ಫಲನವೂ ಅವಕಲನೀಯ" ಎಂಬ ಹೇಳಿಕೆಯನ್ನು ತೆಗೆದುಕೊಳ್ಳಬಹುದು. "ತಪ್ಪು" ಎಂದಷ್ಟೇ ಬರೆದರೆ ಸಾಲದು. ಎಕ್ಸ್‌ನ ಮಾಡ್ಯುಲಸ್ ಎಂಬ ಫಲನವನ್ನು ಪ್ರತ್ಯುದಾಹರಣೆಯಾಗಿ ನೀಡಬೇಕು. ಎಕ್ಸ್ ಸೊನ್ನೆಯನ್ನು ಸಮೀಪಿಸಿದಾಗ ಈ ಫಲನದ ಬೆಲೆಯೂ ಸೊನ್ನೆಯನ್ನು ಸಮೀಪಿಸುತ್ತದೆ. ಸೊನ್ನೆಯಲ್ಲಿ ಅದರ ಬೆಲೆ ಸೊನ್ನೆಯೇ. ಆದುದರಿಂದ ಅಲ್ಲಿ ಅದು ಅವಿಚ್ಛಿನ್ನ. ಆದರೆ ಸೊನ್ನೆಯ ಬಲಗಡೆಯಿಂದ ಲೆಕ್ಕ ಹಾಕಿದರೆ ಬದಲಾವಣೆಯ ದರ 1, ಎಡಗಡೆಯಿಂದ ಲೆಕ್ಕ ಹಾಕಿದರೆ –1. ಎರಡೂ ಒಂದೇ ಅಲ್ಲದ ಕಾರಣ ಸೊನ್ನೆಯಲ್ಲಿ ಅದು ಅವಕಲನೀಯವಲ್ಲ. ಆದುದರಿಂದ ಹೇಳಿಕೆ ತಪ್ಪು. ಹೀಗೆ ನಾಲ್ಕೈದು ಸಾಲುಗಳಲ್ಲಿ ಬರೆದ ಉತ್ತರವು ಪೂರ್ಣವಾಗುತ್ತದೆ.

ಸಾಮಾನ್ಯವಾಗಿ ಕಂಡುಬರುವ ಕೆಲವು ನ್ಯೂನತೆಗಳು:

– ಅನಿಶ್ಚಿತ ಅನುಕಲನದ ಕೊನೆಯಲ್ಲಿ ಸ್ಥಿರಾಂಕವನ್ನು ಬರೆಯದಿರುವುದು.
– ಚರಾಕ್ಷರದಿಂದ ಭಾಗಿಸುವಾಗ ಅದು ಸೊನ್ನೆಯಾಗಬಹುದೇ ಎಂಬುದನ್ನು ಪರಿಶೀಲಿಸದಿರುವುದು.
– ಪ್ರಮೇಯವನ್ನು ಬಳಸುವ ಮೊದಲು ಅದರ ಷರತ್ತುಗಳು ಪೂರೈಸಿವೆಯೇ ಎಂದು ತೋರಿಸದಿರುವುದು.
– ರೇಖಾಚಿತ್ರದಲ್ಲಿ ಅಕ್ಷಗಳನ್ನು ಹಾಗೂ ಮುಖ್ಯ ಬಿಂದುಗಳನ್ನು ಗುರುತಿಸದಿರುವುದು.

ಉತ್ತರ ಪತ್ರಿಕೆಯ ಸ್ವರೂಪದ ಬಗ್ಗೆ ಪ್ರಶ್ನಾವಳಿಯಲ್ಲಿ ನೀಡಿರುವ ಸೂಚನೆಗಳನ್ನು ಪಾಲಿಸತಕ್ಕದ್ದು. ಮುಖ್ಯವಾಗಿ, ತೀರಾ ತೆಳುವಲ್ಲದ ಫುಲ್‌ಸ್ಕೇಪ್ ಹಾಳೆಯನ್ನು ಬಳಸಬೇಕು. ಎಡಭಾಗ, ಮೇಲ್ಭಾಗ ಮತ್ತು ಕೆಳಭಾಗಗಳಲ್ಲಿ 4 ಸೆಂ.ಮೀ. ಅಂಚು ಬಿಡಬೇಕು. ಮೊದಲ ಪುಟದಲ್ಲಿ ನೋಂದಣಿ ಸಂಖ್ಯೆ, ಹೆಸರು, ವಿಳಾಸ, ವಿಷಯದ ಸಂಕೇತ ಮತ್ತು ಶೀರ್ಷಿಕೆ, ಅಸೈನ್‌ಮೆಂಟ್ ಸಂಖ್ಯೆ, ಅಧ್ಯಯನ ಕೇಂದ್ರ ಹಾಗೂ ದಿನಾಂಕಗಳನ್ನು ಬರೆಯಬೇಕು. ಯಾವ ಪ್ರಶ್ನೆಯ ಯಾವ ಭಾಗಕ್ಕೆ ಉತ್ತರ ಎಂಬುದು ಸ್ಪಷ್ಟವಾಗಿರಬೇಕು.

8. ಸಲ್ಲಿಕೆ ಮತ್ತು ಸ್ವೀಕೃತಿ

ಅಸೈನ್‌ಮೆಂಟನ್ನು ಗೊತ್ತುಪಡಿಸಿದ ಅಧ್ಯಯನ ಕೇಂದ್ರಕ್ಕೆ, ಆಯಾ ಅವಧಿಯ ಪ್ರಕಟಣೆಯಲ್ಲಿ ತಿಳಿಸಿದ ರೀತಿಯಲ್ಲಿ ಸಲ್ಲಿಸಬೇಕು. ಸಲ್ಲಿಸಿದ ನಂತರ ಸ್ವೀಕೃತಿಯನ್ನು ತಪ್ಪದೆ ಪಡೆಯಬೇಕು. ಆನ್‌ಲೈನ್ ಮೂಲಕ ಸಲ್ಲಿಸಲು ಅವಕಾಶ ನೀಡಿದ್ದಲ್ಲಿ ದೃಢೀಕರಣದ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಬೇಕು. ಉತ್ತರ ಪತ್ರಿಕೆಯ ಒಂದು ನಕಲು ಪ್ರತಿಯೂ ಅಭ್ಯರ್ಥಿಯ ಬಳಿ ಇರಬೇಕು.

ಅಂಕಗಳು ದಾಖಲಾಗಿವೆಯೇ ಎಂಬುದನ್ನು ವಿಶ್ವವಿದ್ಯಾನಿಲಯದ ಜಾಲತಾಣದಲ್ಲಿ ನೋಡಬಹುದು. ಬಹುಕಾಲ ಕಳೆದರೂ ದಾಖಲಾಗದಿದ್ದಲ್ಲಿ ಸ್ವೀಕೃತಿಯ ಪ್ರತಿಯೊಂದಿಗೆ ಅಧ್ಯಯನ ಕೇಂದ್ರವನ್ನೂ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಪ್ರಾದೇಶಿಕ ಕೇಂದ್ರವನ್ನೂ ಲಿಖಿತವಾಗಿ ಸಂಪರ್ಕಿಸಬೇಕು. ಸ್ವೀಕೃತಿ ಇಲ್ಲದ ಮನವಿಗೆ ಆಧಾರವಿರುವುದಿಲ್ಲ.

ಕೊನೆಯ ದಿನಾಂಕಕ್ಕಿಂತ ಸಾಕಷ್ಟು ಮುಂಚಿತವಾಗಿ ಸಲ್ಲಿಸುವುದರಿಂದ ಇನ್ನೊಂದು ಪ್ರಯೋಜನವಿದೆ. ಪರೀಕ್ಷೆಗೆ ಮೊದಲೇ ಮೌಲ್ಯಮಾಪಕರ ಟಿಪ್ಪಣಿಗಳು ಕೈಸೇರುವ ಸಂಭವ ಹೆಚ್ಚು. ದೂರ ಶಿಕ್ಷಣದ ವಿದ್ಯಾರ್ಥಿಗೆ ತನ್ನ ತಪ್ಪು ಎಲ್ಲಿದೆ ಎಂದು ಅಧ್ಯಾಪಕರು ತೋರಿಸಿಕೊಡುವ ಸಂದರ್ಭಗಳು ಕಡಿಮೆ. ಅಸೈನ್‌ಮೆಂಟ್ ಅಂತಹ ಒಂದು ಸಂದರ್ಭ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಸೈನ್‌ಮೆಂಟಿನಲ್ಲಿ ಉತ್ತೀರ್ಣನಾಗಿದ್ದು ಅಂಕ ಕಡಿಮೆ ಬಂದಿದೆ. ಪುನಃ ಸಲ್ಲಿಸಬಹುದೇ?
ಉತ್ತರ: ಇಲ್ಲ. ಉತ್ತೀರ್ಣ ಅಂಕ ಪಡೆದ ನಂತರ ಅಂಕ ಹೆಚ್ಚಿಸಿಕೊಳ್ಳುವ ಸಲುವಾಗಿ ಪುನಃ ಸಲ್ಲಿಸಲು ಅವಕಾಶವಿಲ್ಲ.

ಪ್ರಶ್ನೆ: ಅನುತ್ತೀರ್ಣನಾದರೆ ಏನು ಮಾಡಬೇಕು?
ಉತ್ತರ: ಮುಂದಿನ ಅವಧಿಗೆ ಮಾನ್ಯವಾಗಿರುವ ಹೊಸ ಪ್ರಶ್ನಾವಳಿಗೆ ಉತ್ತರ ಬರೆದು ಸಲ್ಲಿಸಬೇಕು. ಪರೀಕ್ಷೆಯಲ್ಲಿ ಉತ್ತೀರ್ಣರಾಗಿದ್ದಲ್ಲಿ ಆ ಅಂಕ ಉಳಿಯುತ್ತದೆ.

ಪ್ರಶ್ನೆ: ಮೌಲ್ಯಮಾಪನದ ಬಗ್ಗೆ ಸಮಾಧಾನವಿಲ್ಲದಿದ್ದರೆ ಮರುಮೌಲ್ಯಮಾಪನ ಕೋರಬಹುದೇ?
ಉತ್ತರ: ಅಸೈನ್‌ಮೆಂಟಿಗೆ ಮರುಮೌಲ್ಯಮಾಪನ ಇರುವುದಿಲ್ಲ. ಅಂಕಗಳ ಮೊತ್ತದಲ್ಲಿ ತಪ್ಪು, ಒಂದು ಉತ್ತರಕ್ಕೆ ಅಂಕ ನೀಡದಿರುವುದು ಮುಂತಾದ ವಾಸ್ತವಾಂಶದ ದೋಷಗಳಿದ್ದಲ್ಲಿ ಮಾತ್ರ ಅಧ್ಯಯನ ಕೇಂದ್ರದ ಗಮನಕ್ಕೆ ತರಬಹುದು.

ಪ್ರಶ್ನೆ: ಸ್ನೇಹಿತರೊಂದಿಗೆ ಕುಳಿತು ಲೆಕ್ಕ ಬಿಡಿಸಬಹುದೇ?
ಉತ್ತರ: ಚರ್ಚಿಸಿ ಅರ್ಥಮಾಡಿಕೊಳ್ಳಬಹುದು. ಆದರೆ ಉತ್ತರವನ್ನು ಪ್ರತಿಯೊಬ್ಬರೂ ಸ್ವಂತವಾಗಿ ಬರೆಯಬೇಕು. ನಕಲು ಮಾಡಿರುವುದು ಕಂಡುಬಂದಲ್ಲಿ ಅಸೈನ್‌ಮೆಂಟ್ ತಿರಸ್ಕೃತವಾಗುತ್ತದೆ. ಅಂತರ್ಜಾಲದಲ್ಲಿ ಅಥವಾ ಅಂಗಡಿಗಳಲ್ಲಿ ಸಿದ್ಧ ಉತ್ತರಗಳನ್ನು ಕೊಂಡು ಬರೆಯುವವರಿಗೂ ಇದೇ ಅಪಾಯವಿದೆ. ಅಲ್ಲದೆ, ಶೇಕಡಾ 70ರ ಪರೀಕ್ಷೆಯನ್ನು ಅಭ್ಯರ್ಥಿಯು ಒಬ್ಬನೇ ಕುಳಿತು ಬರೆಯಬೇಕಾಗುತ್ತದೆ.

ಪ್ರಶ್ನೆ: ಎಲ್ಲ ಪ್ರಶ್ನೆಗಳಿಗೂ ಉತ್ತರ ತಿಳಿಯದಿದ್ದರೆ ಸಲ್ಲಿಸದೆ ಬಿಡುವುದು ಒಳಿತೇ?
ಉತ್ತರ: ಒಳಿತಲ್ಲ. ಉತ್ತೀರ್ಣರಾಗಲು ಬೇಕಾಗಿರುವುದು 100ಕ್ಕೆ 35 ಅಂಕ. ತಿಳಿದಿರುವ ಉತ್ತರಗಳನ್ನು ಹಂತ ಹಂತವಾಗಿ, ಸ್ಪಷ್ಟವಾಗಿ ಬರೆದು ದಿನಾಂಕದೊಳಗೆ ಸಲ್ಲಿಸಿದವರಿಗೆ ಉತ್ತೀರ್ಣರಾಗುವ ಅವಕಾಶವಿದೆ. ಸಲ್ಲಿಸದೆ ಇರುವವರಿಗೆ ಆ ಅವಕಾಶವಿಲ್ಲ.

ಗಮನಿಸಿ

ಅಭ್ಯರ್ಥಿಗಳು ಪ್ರಶ್ನಾವಳಿ ಕೈಸೇರಿದ ದಿನವೇ ಅದರ ಮುಖಪುಟದಲ್ಲಿರುವ ಮಾನ್ಯತೆಯ ಅವಧಿ ಹಾಗೂ ಸಲ್ಲಿಕೆಯ ಕೊನೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಲು ಸೂಚಿಸಲಾಗಿದೆ. ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ದಿನಾಂಕ ಹಾಗೂ ನಿಯಮಗಳ ವಿಷಯದಲ್ಲಿ ವಿಶ್ವವಿದ್ಯಾನಿಲಯದ ಅಧಿಕೃತ ಪ್ರಕಟಣೆಯೇ ಅಂತಿಮ.